ಗ್ಲೋಮಿಂಗ್‌ಗೂ ಗ್ಲೂಮಿಗೂ ಸಂಬಂಧ ಇಲ್ಲ

‘ಗ್ಲೋಮಿಂಗ್ ಅಂದ್ರೆ ಮಂಕು ಕವಿದ ಹೊತ್ತಾ, ಗ್ಲೂಮ್‌ನಿಂದ ಬಂದಿದ್ದಾ?’ ಅಂತ ಕೇಳಿದ್ದೀರಿ. ಇಂಗ್ಲಿಷಿನಲ್ಲಿ ಗ್ಲೋಮಿಂಗ್ ಅಂದರೆ ಮುಸ್ಸಂಜೆ, ಗ್ಲೂಮ್ ಅಂದರೆ ಮಂಕು. ಒಂದರಿಂದ ಇನ್ನೊಂದು ಬಂದಿದೆ ಅನ್ನಿಸುತ್ತೆ, ಆದರೆ ಅಲ್ಲ. ಇದು ಹಳೆಯ ಇಂಗ್ಲಿಷಿನ ‘ಗ್ಲೋಮುಂಗ್’. ಅದರ ಮೂಲ ‘ಗ್ಲೋಮ್’, ಅಂದರೆ ಸಂಜೆಗತ್ತಲು. ಅದು ಹೊಳಪು ಅನ್ನೋ ಅರ್ಥದ ‘ಗ್ಲೋ’ಗೆ ನೆಂಟ ಅಂತಾರೆ. ಕತ್ತಲಿನ ಪದದ ಬುಡದಲ್ಲಿ ಬೆಳಕು, ಚೆನ್ನಾಗಿದೆ ಅಲ್ವಾ?

ಈ ಪದವನ್ನು ಜೋಪಾನ ಮಾಡಿದ್ದು ಸ್ಕಾಟ್ಲೆಂಡಿನವರು. ಇಂಗ್ಲಿಷ್ ಸಾಹಿತ್ಯಕ್ಕೆ ಅದು ಮತ್ತೆ ಬಂದಿದ್ದು ಸ್ಕಾಟಿಷ್ ಬರಹಗಾರರಿಂದ. ಅಲ್ಲಿ ಇಂಥ ಪದ ಬೇಕೇ ಬೇಕು. ಜೂನ್‌ನಲ್ಲಿ ಎಡಿನ್‌ಬರೋದಲ್ಲಿ ಸೂರ್ಯ ಮುಳುಗೋದೇ ರಾತ್ರಿ 10ರ ಹೊತ್ತಿಗೆ, ಆಮೇಲೂ ಬಡಗಣ ಬಾನು ಬೆಳ್ಳಗೇ ಇರುತ್ತೆ. ಬೆಂಗಳೂರಲ್ಲಿ ಒಂದು ಲೋಟ ಕಾಫಿ ಕುಡಿದು ಹೊರಗೆ ಬರೋಷ್ಟರಲ್ಲಿ ದೀಪ ಹಾಕಬೇಕು.

ಅಮೆರಿಕದ ಬೇಸ್‌ಬಾಲ್‌ನಲ್ಲೂ ಈ ಪದ ಇದೆ. 1938ರ ಸೆಪ್ಟೆಂಬರ್ 28ರಂದು ಶಿಕಾಗೋದಲ್ಲಿ, ಆಗ ದೀಪಗಳೇ ಇಲ್ಲದ ರಿಗ್ಲಿ ಫೀಲ್ಡ್ ಮೈದಾನದಲ್ಲಿ, ಕತ್ತಲಾಗುತ್ತಿದ್ದಾಗ ಆಟಗಾರ ಗ್ಯಾಬಿ ಹಾರ್ಟ್‌ನೆಟ್ ಹೊಡೆದ ಹೋಮ್ ರನ್‌ಗೆ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ‘ಹೋಮರ್ ಇನ್ ದ ಗ್ಲೋಮಿನ್’, ಅಂದರೆ ಮುಸ್ಸಂಜೆಯ ಹೋಮ್ ರನ್ ಅಂತಲೇ ಹೆಸರು.

ಕನ್ನಡಕ್ಕೆ ತರೋದಾದರೆ ‘ಮುಸ್ಸಂಜೆ’ ಸಾಕು. ‘ಗೋಧೂಳಿ’ ಬೇಡ, ಅದರಲ್ಲಿ ದನಗಳು ಬಂದುಬಿಡುತ್ತವೆ.