ಕಿತ್ತಳೆ ಅಂಗಿ ಯಾಕೆ ಅಂತ ಕೇಳಿದ ತಮ್ಮನಿಗೆ

ತಮ್ಮಾ, ಸೆಪ್ಟೆಂಬರ್ 30ಕ್ಕೆ ಮಗಳಿಗೆ ಕಿತ್ತಳೆ ಬಣ್ಣದ ಅಂಗಿ ಹಾಕಿ ಕಳಿಸಿ ಅಂತ ಶಾಲೆಯಿಂದ ಚೀಟಿ ಬಂದಿದೆ, ನಾವು ಕೆನಡಾದ ವಿನ್ನಿಪೆಗ್‌ಗೆ ಮೊನ್ನೆ ಮೊನ್ನೆ ಬಂದವರು, ಇಲ್ಲಿಯವರ ಹಳೇ ವಿಷಯಕ್ಕೂ ನಮಗೂ ಏನು ಸಂಬಂಧ ಅಕ್ಕಾ ಅಂತ ಕೇಳಿದ್ದೀಯ. ಜೊತೆಗೆ, ಆಫೀಸಿನಲ್ಲಿ ನಮ್ಮವರೇ ಒಬ್ಬರು "ಈ ಮೂಲನಿವಾಸಿಗಳಿಗೆ ಸರ್ಕಾರ ಎಲ್ಲಾ ಬಿಟ್ಟಿ ಕೊಡುತ್ತೆ, ಅವರಿಂದ ದೂರ ಇರಿ" ಅಂದರಂತೆ. ಆ ಮಾತಿಗೇ ಮೊದಲು ಉತ್ತರ ಕೊಡುತ್ತೇನೆ. ಓದಿ ಸಂಕಟವಾಯಿತು.

ನಿಮ್ಮ ಮನೆಯ ನಲ್ಲಿಯಲ್ಲಿ ಬರೋದು ಶೋಲ್ ಲೇಕ್ ಎಂಬ ಕೆರೆಯ ನೀರು. ಸುಮಾರು 150 ಕಿಲೋಮೀಟರ್ ದೂರದಿಂದ, 1919ರಿಂದ ಈ ಊರಿಗೆ ಹರಿದು ಬರುತ್ತಿದೆ. ಅದಕ್ಕಾಗಿ ಅಲ್ಲಿದ್ದ ಅನಿಶಿನಾಬೆ ಎಂಬ ಮೂಲನಿವಾಸಿ ಜನರ ನೆಲ ತಗೊಂಡರು. ಕಾಲುವೆ ತೋಡಿದ ಮೇಲೆ ಶೋಲ್ ಲೇಕ್ 40 ಎಂಬ ಅವರ ಊರು ದ್ವೀಪವಾಗಿಬಿಟ್ಟಿತು. ಹೊರಗೆ ಬರಲು ವರ್ಷಪೂರ್ತಿ ಓಡಾಡುವಂಥ ರಸ್ತೆ ಸಿಕ್ಕಿದ್ದು 2019ರಲ್ಲಿ. ನಾವು ಅದೇ ಕೆರೆಯ ನೀರನ್ನು ಲೋಟಕ್ಕೆ ಹಿಡಿದು ಹಾಗೇ ಕುಡಿಯುತ್ತಿದ್ದಾಗ, 1997ರಿಂದ 2021ರವರೆಗೆ ಅವರಿಗೆ ನೀರು ಕುದಿಸದೆ ಕುಡಿಯಬೇಡಿ ಅಂತ ಆದೇಶ ಇತ್ತು. ಬಿಟ್ಟಿ ಪಡೆದವರು ಯಾರು, ನೀನೇ ಹೇಳು. ತೆರಿಗೆ ವಿನಾಯಿತಿ ಇರೋದೂ ಇಂಡಿಯನ್ ಆಕ್ಟ್ ಎಂಬ ಮೂಲನಿವಾಸಿಗಳ ಕಾಯ್ದೆಯಡಿ ನೋಂದಾಯಿತರಾದವರಿಗೆ, ಹೆಚ್ಚಾಗಿ ರಿಸರ್ವ್‌ನ, ಅಂದರೆ ಅವರಿಗೆಂದು ಬಿಟ್ಟ ನೆಲದ, ಒಳಗೆ ದುಡಿದ ಹಣಕ್ಕೆ ಮಾತ್ರ. ಪೇಟೆಯಲ್ಲಿ ಕೆಲಸ ಮಾಡುವವರು ನಿನ್ನ ಹಾಗೇ ಕಟ್ಟುತ್ತಾರೆ. ನಾವು ಮನೆ ಮಾಡಿಕೊಂಡಿರುವ ಈ ನೆಲ, ಬ್ರಿಟಿಷ್ ರಾಣಿಯ ಹೆಸರಿನಲ್ಲಿ ಸರ್ಕಾರ ಮೂಲನಿವಾಸಿಗಳ ಜೊತೆ ಮಾಡಿಕೊಂಡ 1871ರ ಒಂದನೇ ಒಪ್ಪಂದದ್ದು. ಅದರ ಪ್ರಕಾರ ಇವತ್ತಿಗೂ ಅವರಿಗೆ ವರ್ಷಕ್ಕೆ ತಲಾ 5 ಡಾಲರ್ ಸಿಗುತ್ತದೆ.

ಇನ್ನು ಅಂಗಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಫಿಲಿಸ್ ವೆಬ್‌ಸ್ಟಾಡ್ 1973ರಲ್ಲಿ ಆರು ವರ್ಷದ ಮೂಲನಿವಾಸಿ ಹುಡುಗಿ. ಶಾಲೆಗೆ ಹೊರಟಿದ್ದಾಳೆ ಅಂತ ಅಜ್ಜಿ ಹೊಳೆಯುವ ಕಿತ್ತಳೆ ಅಂಗಿ ಕೊಡಿಸಿದ್ದರು. ವಿಲಿಯಮ್ಸ್ ಲೇಕ್ ಹತ್ತಿರದ ವಸತಿ ಶಾಲೆಯಲ್ಲಿ ಮೊದಲ ದಿನವೇ ಅದನ್ನು ಬಿಚ್ಚಿಸಿಕೊಂಡರು, ಮತ್ತೆ ಕೊಡಲೇ ಇಲ್ಲ. ಅದರ ನೆನಪಿಗೇ ಸೆಪ್ಟೆಂಬರ್ 30ಕ್ಕೆ ಕಿತ್ತಳೆ ಅಂಗಿ ಹಾಕೋದು. ಸರ್ಕಾರ ದುಡ್ಡು ಕೊಟ್ಟು, ಚರ್ಚುಗಳು ನಡೆಸಿದ ಇಂಥ ಶಾಲೆಗಳಿಗೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ತಾಯ್ತಂದೆಯರಿಂದ ಬಿಡಿಸಿ ಸೇರಿಸಿದರು. ಕೂದಲು ಕತ್ತರಿಸಿದರು, ಮನೆಮಾತು ಆಡಿದರೆ ಹೊಡೆದರು. ಮಕ್ಕಳು ಕ್ಷಯದಿಂದ ಸಾಯುತ್ತಿದ್ದಾರೆ ಅಂತ ಸರ್ಕಾರದ್ದೇ ವೈದ್ಯಾಧಿಕಾರಿ ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟಿದ್ದರು. ಸರ್ಕಾರ ಅದನ್ನು ಬದಿಗಿಟ್ಟಿತು. 1920ರಲ್ಲಿ ಹಾಜರಿ ಕಡ್ಡಾಯ ಮಾಡಲು ಕಾಯ್ದೆ ಬಿಗಿ ಮಾಡಿತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ, ಅಂದರೆ ನೀನು ಹುಟ್ಟುವ ಹೊತ್ತಿಗೆ. ಹಳೇ ವಿಷಯ ಅನ್ನಬೇಡ.

ಕ್ಯಾಮ್ಲೂಪ್ಸ್ ಎಂಬಲ್ಲಿದ್ದ ಇಂಥದ್ದೇ ವಸತಿ ಶಾಲೆಯ ಸುದ್ದಿ ನೀನೂ ಕೇಳಿರ್ತೀಯ. 2021ರಲ್ಲಿ ಅದರ ಸುತ್ತಲಿನ ನೆಲಕ್ಕೆ ರಾಡಾರ್ ಹಾಯಿಸಿದಾಗ ಸುಮಾರು 200 ಸಮಾಧಿಗಳಿರಬಹುದಾದ ಗುರುತು ಕಂಡವು. ಅದು ನೆಲ ಅಗೆದು ಹೆಣಗಳನ್ನು ಎಣಿಸಿದ ಲೆಕ್ಕವಲ್ಲ. ಇದನ್ನೇ ಹಿಡಿದು ಎಲ್ಲವೂ ಸುಳ್ಳು ಅನ್ನುವವರು ಸಿಗುತ್ತಾರೆ. ಅಂಥವರಿಗೆ ಹೇಳು: ನಮ್ಮೂರಿನ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿರುವ, ಈ ಶಾಲೆಗಳ ದಾಖಲೆ ಕಾಪಾಡುವ ರಾಷ್ಟ್ರೀಯ ಕೇಂದ್ರದವರು, ಶಾಲೆಗಳಿಗೆ ಹೋಗಿ ವಾಪಸ್ ಬರದ 4,100ಕ್ಕೂ ಹೆಚ್ಚು ಮಕ್ಕಳ ವಿವರ ದಾಖಲೆಗಳಿಂದಲೇ ತೆಗೆದಿದ್ದಾರೆ.

ನಾನು ವೃದ್ಧರ ಆರೈಕೆ ಕೇಂದ್ರದಲ್ಲಿ ನರ್ಸ್. ನಮ್ಮಲ್ಲಿ ಕ್ರೀ ಎಂಬ ಮೂಲನಿವಾಸಿ ಸಮುದಾಯದ ಒಬ್ಬ ಅಜ್ಜಿ ಇದ್ದರು. ತಲೆ ಬಾಚಲು ಹಿಂದಿನಿಂದ ಹೋದರೆ ಮೈ ಬಿಗಿ ಹಿಡಿಯುತ್ತಿದ್ದರು. ಎದುರಿಗೆ ಕೂತು, ಬಾಚಣಿಗೆ ತೋರಿಸಿ, "ಮುಟ್ಟಲಾ?" ಅಂತ ಕೇಳಿದರೆ ಮಾತ್ರ ಸರಿ. ಊಟದ ಬ್ರೆಡ್ಡಿನಲ್ಲಿ ಒಂದು ಚೂರು ದಿನಾ ಕರವಸ್ತ್ರದಲ್ಲಿ ಸುತ್ತಿ ದಿಂಬಿನ ಕೆಳಗೆ ಇಡುತ್ತಿದ್ದರು. ಅದನ್ನು ಯಾರೂ ತೆಗೀಬಾರದು ಅಂತ ನಾವೆಲ್ಲ ಮಾತಾಡಿಕೊಂಡಿದ್ದೆವು.

ನೀನು ಹುಬ್ಬಳ್ಳಿಯವನು, ಸೆಟ್ಲ್‌ಮೆಂಟ್ ಗೊತ್ತಿರಬೇಕು. ಆ ಏರಿಯಾಕ್ಕೆ ಆ ಹೆಸರು ಯಾಕೆ ಬಂತು ಅಂತ ಯೋಚನೆ ಮಾಡಿದ್ದೀಯಾ? ಇಲ್ಲಿ ಒಂದನೇ ಒಪ್ಪಂದಕ್ಕೆ ಸಹಿ ಬಿದ್ದ 1871ರಲ್ಲೇ, ಅದೇ ರಾಣಿಯ ಸರ್ಕಾರ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಹುಟ್ಟಿನಿಂದಲೇ ಕಳ್ಳರು ಅಂತ ಇಡೀ ಜಾತಿಗಳಿಗೇ ಹಣೆಪಟ್ಟಿ ಹಚ್ಚಿ, ಮುಂದೆ ಇಂಥ ಸೆಟ್ಲ್‌ಮೆಂಟ್‌ಗಳಲ್ಲಿ ಕಾವಲಿನಲ್ಲಿಟ್ಟು ಹಾಜರಿ ಹಿಡಿದರು. ಅಲ್ಲಿ ಆ ಜನರ ಬಗ್ಗೆ ಕೇಳಿ ಬೆಳೆದ ಮಾತುಗಳನ್ನೇ ಇಲ್ಲಿ ಇನ್ನೊಬ್ಬರ ಮೇಲೆ ಹೊರಿಸೋದು ನಮಗೆ ಬೇಡ.

ಹೊಸಬರಿಗೆ ಏನು ಸಂಬಂಧ ಅನ್ನೋದನ್ನು ಇಲ್ಲಿಯ ಮೂಲನಿವಾಸಿಗಳೇ ಯೋಚಿಸಿದ್ದಾರೆ. ಅವರಲ್ಲೇ ಒಬ್ಬರಾದ ಮರೆ ಸಿಂಕ್ಲೇರ್ ನೇತೃತ್ವದಲ್ಲಿ ಈ ಶಾಲೆಗಳ ವಿಚಾರಣೆ ನಡೆಸಿದ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ 94 ಕೆಲಸ ಪಟ್ಟಿ ಮಾಡಿತು. ಕೊನೆಯ ಎರಡು ನಮ್ಮಂಥವರ ಬಗ್ಗೆಯೇ: ವಲಸೆ ಬಂದವರಿಗೆ ಈ ಚರಿತ್ರೆ ಕಲಿಸಿ, ಪೌರತ್ವದ ಪ್ರಮಾಣವಚನ ಬದಲಿಸಿ. ವಚನ 2021ರಲ್ಲಿ ಬದಲಾಯಿತು. ಮುಂದೆ ನೀನು ಬಲಗೈ ಎತ್ತಿದಾಗ ಫಸ್ಟ್ ನೇಷನ್ಸ್, ಇನುಯಿಟ್, ಮೇಟಿ ಎಂಬ ಮೂಲನಿವಾಸಿ ಜನರ ಮೂಲ ಹಕ್ಕುಗಳನ್ನೂ ಒಪ್ಪಂದದ ಹಕ್ಕುಗಳನ್ನೂ ಎತ್ತಿ ಹಿಡಿಯುವ ಸಂವಿಧಾನವನ್ನು ಪಾಲಿಸುತ್ತೇನೆ ಅಂತ ನಿನ್ನ ಬಾಯಿಂದಲೇ ಹೇಳುತ್ತೀಯ. ಏನು ಹೇಳುತ್ತಿದ್ದೀನಿ ಅಂತ ತಿಳಿದು ಹೇಳು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡ. 2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು, 2022ರಲ್ಲಿ ಪೋಪ್ ಬಂದು ಕೇಳಿದರು. ಆದರೂ ನಮ್ಮ ಈ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಸರ್ಕಾರದ ಪಾಲನೆಯಲ್ಲಿರುವ ಮಕ್ಕಳಲ್ಲಿ ನೂರಕ್ಕೆ ಸುಮಾರು 90 ಮಂದಿ ಮೂಲನಿವಾಸಿಗಳ ಮಕ್ಕಳೇ. ನನಗೆ ಎಲ್ಲಕ್ಕಿಂತ ನೋವಾಗೋದು ಇದೇ.

ಅಂಗಿಯನ್ನು ಮೂಲನಿವಾಸಿಗಳೇ ಮಾಡಿ ಮಾರುವ ಕಡೆ ತಗೋ. ಹತ್ತಿರ ಬಂದಾಗ ಮಕ್ಕಳ ಅಳತೆ ಸಿಗೋದಿಲ್ಲ, ಈ ವಾರವೇ ನೋಡು. ಆ ದಿನ ಪೇಟೆಯಲ್ಲಿ ನಡೆಯುವ ಮೆರವಣಿಗೆಗೆ ನಾನೂ ಹೋಗುತ್ತೇನೆ, ನೀವು ಮೂವರೂ ಬನ್ನಿ. ಕಾರು ನಿಲ್ಲಿಸಲು ಜಾಗ ಇರಲ್ಲ, ಬಸ್ಸಿನಲ್ಲೇ ಬನ್ನಿ. ಮಗಳಿಗೆ ಒಳಗೊಂದು ಸ್ವೆಟರ್ ಹಾಕು, ಅಂಗಿ ಮೇಲೆ ಕಾಣಲಿ.