ಕಾರ್ಬೊರೇಟರ್ ಬಿಚ್ಚುವ ಮೊದಲು: ಎಂಜಿಬಿ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ. ಆಕ್ಸ್‌ಫರ್ಡ್ ಹತ್ತಿರದ ಅಬಿಂಗ್ಡನ್ ಕಾರ್ಖಾನೆಯಿಂದ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಹೊರಬಂದ ಕಾರು ಇದು. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ಬರವಿಲ್ಲ. ಬರ ಇರುವುದು ತಾಳ್ಮೆಗೆ. ಕೆಳಗಿನ ಅಳತೆಗಳು 1798 ಸಿಸಿ ಇಂಜಿನ್, ಎರಡು ಎಸ್‌ಯು ಎಚ್‌ಎಸ್4 ಕಾರ್ಬೊರೇಟರ್ ಇರುವ ಹಳೆಯ ಮಾದರಿಗೆ ಅನ್ವಯ.

ಪ್ರಶ್ನೆ: 1969ರ ಕಾರು. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಓಡಿಸಿದರೆ ಮಿಸ್ಸಿಂಗ್ ಹೊಡೆದು ನಿಂತುಬಿಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದಂತೆ ಹೊರಡುತ್ತದೆ. ಕಾರ್ಬೊರೇಟರ್ ಕಿಟ್ ಎರಡು ಸಲ ಬದಲಾಯಿಸಿದ್ದಾಯಿತು. (ಬೆಂಗಳೂರು)

ಮೂರನೇ ಕಿಟ್ ತರಿಸಬೇಡಿ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಓಡುವ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಕಂಡೆನ್ಸರನ್ನು. ಆದರೆ ಅನುಮಾನದ ಮೇಲೆ ಏನನ್ನೂ ಕೊಳ್ಳಬೇಡಿ. ಕಾರು ನಿಂತ ಆ ಗಳಿಗೆಯಲ್ಲೇ, ತಣ್ಣಗಾಗಲು ಬಿಡದೆ, ಕಿಡಿ ಇಲ್ಲವೋ ಪೆಟ್ರೋಲ್ ಇಲ್ಲವೋ ಎಂಬುದನ್ನು ತಿಳಿದುಕೊಳ್ಳಿ.

ಡಿಕ್ಕಿಯಲ್ಲಿ ಒಂದು ಹೆಚ್ಚುವರಿ ಸ್ಪಾರ್ಕ್ ಪ್ಲಗ್ ಇಟ್ಟುಕೊಂಡಿರಿ. ಒಂದು ಪ್ಲಗ್ಗಿನ ವೈರು ಕಿತ್ತು ಅದಕ್ಕೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಇಂಜಿನ್‌ಗೆ ತಾಗಿರುವಂತೆ ಇಟ್ಟು, ಜೊತೆಯವರಿಗೆ ಸೆಲ್ಫ್ ಹೊಡೆಯಲು ಹೇಳಿ. ಹತ್ತಿರ ಎಲ್ಲೂ ಪೆಟ್ರೋಲ್ ಸೋರಿರಬಾರದು. ಟಪಟಪ ಸದ್ದಿನ ನೀಲಿ ಕಿಡಿ ಬಂದರೆ ಇಗ್ನಿಷನ್ ಸರಿಯಿದೆ. ಹಳದಿಯಾಗಿ ಬಡಕಲಾಗಿ ಬಂದರೆ, ಇಲ್ಲವೇ ಬರದೇ ಇದ್ದರೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ತೆಗೆಯಿರಿ.

ಅದರೊಳಗೆ ತೆರೆದು ಮುಚ್ಚುವ ಲೋಹದ ಜೋಡಿಯೇ ಪಾಯಿಂಟ್ಸ್. ಅದು ತೆರೆಯುವಾಗ ಕರೆಂಟು ಅಲ್ಲೇ ಹಾರದಂತೆ ಹೀರಿಕೊಳ್ಳುವುದು ಕಂಡೆನ್ಸರ್ ಕೆಲಸ. ಬಿಸಿಗೆ ಅದರ ಒಳಗಿನ ಸಂಪರ್ಕ ಬಿಟ್ಟುಕೊಂಡರೆ ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟ್ಸ್ ನಡುವೆಯೇ ಉರಿದುಹೋಗುತ್ತದೆ. ಸೆಲ್ಫ್ ಹೊಡೆದಾಗ ಪಾಯಿಂಟ್ಸ್‌ನಲ್ಲಿ ದಪ್ಪ ಕಿಡಿ ಕಂಡರೆ ಕಳ್ಳ ಸಿಕ್ಕಂತೆ. ಹೊಸದೆಂಬ ಕಾರಣಕ್ಕೆ ಅಗ್ಗದ ಕಂಡೆನ್ಸರನ್ನು ನಂಬಬೇಡಿ. ಹಳೆಯದರಲ್ಲಿ ಕೆಲಸ ಮಾಡುವಂಥದ್ದಿದ್ದರೆ ಎಸೆಯಬೇಡಿ. ಪಾಯಿಂಟ್ಸ್ ಗ್ಯಾಪ್ 0.35ರಿಂದ 0.40 ಮಿ.ಮೀ., ಪ್ಲಗ್ ಗ್ಯಾಪ್ 0.64 ಮಿ.ಮೀ.

ಅಲ್ಲೇ ಇನ್ನೆರಡು ನೋಡಿ. ಡಿಸ್ಟ್ರಿಬ್ಯೂಟರ್ ಒಳಗೆ ಬೇಸ್ ಪ್ಲೇಟನ್ನು ಮೈಗೆ ಜೋಡಿಸುವ, ಬಟ್ಟೆ ಹೊದಿಸಿದ ಒಂದು ಪುಟ್ಟ ಅರ್ತ್ ವೈರಿದೆ. ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಆ ಪ್ಲೇಟನ್ನು ಎಳೆದಾಗಲೆಲ್ಲ ಅದೂ ಬಾಗುತ್ತದೆ. ವರ್ಷಗಳ ಮೇಲೆ ಒಳಗಿನ ತಂತಿ ತುಂಡಾಗಿ ಬಟ್ಟೆ ಮಾತ್ರ ಉಳಿದಿರುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ. ಎರಡು ಬೆರಳಲ್ಲಿ ಮೆಲ್ಲಗೆ ಎಳೆದರೆ ರಬ್ಬರಿನಂತೆ ಉದ್ದವಾಗುತ್ತದೆ, ಅಷ್ಟೇ ಸಾಕ್ಷಿ. ಇನ್ನೊಂದು ರೋಟರ್, ಅಂದರೆ ಕ್ಯಾಪ್ ಒಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಕಳಪೆ ರೋಟರ್‌ಗಳಲ್ಲಿ ಕಿಡಿ ರಿವೆಟ್ಟಿನ ಮೂಲಕ ಕೆಳಗಿನ ಶಾಫ್ಟ್‌ಗೇ ಇಳಿದುಬಿಡುತ್ತದೆ. ರಿವೆಟ್ ಇಲ್ಲದ್ದನ್ನೇ ಹಾಕಿ.

ಕಿಡಿ ಚೆನ್ನಾಗಿದ್ದರೆ ಕಾರಿನ ಹಿಂಬದಿಗೆ ಹೋಗಿ. ಎಸ್‌ಯು ಪೆಟ್ರೋಲ್ ಪಂಪ್ ಹಿಂದಿನ ಬಲ ಚಕ್ರದ ಮುಂದೆ, ಬ್ಯಾಟರಿ ಪೆಟ್ಟಿಗೆಯ ಬಳಿ ಇರುತ್ತದೆ. ಕೀ ಹಾಕಿದರೆ ಟಿಕ್ ಟಿಕ್ ಎಂದು ಬೇಗ ಬೇಗ ಬಡಿದು, ಕಾರ್ಬೊರೇಟರ್ ತುಂಬಿದ ಮೇಲೆ ಸುಮ್ಮನಾಗಬೇಕು. ಬಡಿಯುತ್ತಲೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಟ್ಯಾಂಕ್ ಖಾಲಿ. ಸದ್ದೇ ಇಲ್ಲದಿದ್ದರೆ ಸ್ಪ್ಯಾನರ್ ಹಿಡಿಯಿಂದ ಒಂದು ಸಣ್ಣ ಏಟು ಕೊಡಿ. ಎಚ್ಚರವಾದರೆ ಪಂಪಿನ ಒಳಗಿನ ಪಾಯಿಂಟ್ಸ್ ಸುಟ್ಟಿವೆ ಎಂದರ್ಥ. ಆ ಏಟು ಮನೆ ಸೇರಿಸುತ್ತದೆ, ರಿಪೇರಿಯಲ್ಲ. ಪೆಟ್ರೋಲ್ ಮುಚ್ಚಳ ತೆಗೆದಾಗ 'ಸ್ಸ್' ಎಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕ್ ಉಸಿರಾಡುವ ದಾರಿ ಮುಚ್ಚಿದೆ, ಪಂಪಿನದು ತಪ್ಪಲ್ಲ.

ಇವೆರಡೂ ಸರಿಯಿದ್ದರೆ ಮಾತ್ರ ಕಾರ್ಬೊರೇಟರ್ ಪಕ್ಕದ ಫ್ಲೋಟ್ ಬಟ್ಟಲಲ್ಲಿ ಕೂಡಿಟ್ಟ ಪೆಟ್ರೋಲ್ ಕುದಿಯುತ್ತಿದೆಯೇ ಎಂದು ಯೋಚಿಸಿ. ಈ ಇಂಜಿನ್‌ನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟೂ ಎಡಗಡೆಯೇ, ಒಂದರ ನೆತ್ತಿಯ ಮೇಲೊಂದು. ನಡುವಿನ ತಗಡಿನ ಶಾಖ ತಡೆಯನ್ನು ಯಾರೋ ಬಿಚ್ಚಿ ಮೂಲೆಗೆಸೆದಿರುವುದು ಅಪರೂಪವೇನಲ್ಲ. ಬಂಕಿನಲ್ಲಿ ಈಗ ಸಿಗುವುದು ಎಥನಾಲ್ ಬೆರೆತ ಇ20 ಪೆಟ್ರೋಲ್. ಹಳೆಯ ರಬ್ಬರ್ ಪೈಪು ಅದಕ್ಕೆ ಒಳಗಿನಿಂದ ಕರಗಿ, ಕಪ್ಪು ಪುಡಿ ಆ ಬಟ್ಟಲಿಗೆ ಪೆಟ್ರೋಲ್ ಬಿಡುವ ನೀಡಲ್ ವಾಲ್ವಿಗೆ ಸಿಕ್ಕಿಕೊಳ್ಳುತ್ತದೆ. ಮೈಮೇಲೆ 'ಆರ್9' ಎಂದು ಅಚ್ಚಾದ ಪೈಪನ್ನು ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಹಾಕಿಬಿಡಿ.

ಪ್ರಶ್ನೆ: ನಮ್ಮೂರಲ್ಲಿ ಅಂಬಾಸಿಡರ್ ಮೆಕ್ಯಾನಿಕ್ ಇದ್ದಾರೆ, ಎಂಜಿ ಕಂಡವರಿಲ್ಲ. ಅವರ ಕೈಗೆ ಕೊಡಬಹುದೇ? (ಹುಬ್ಬಳ್ಳಿ)

ಕಣ್ಣುಮುಚ್ಚಿ ಕೊಡಿ. ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಕೂಡ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ನಿನ (ಬಿಎಂಸಿ) ಇದೇ ಬಿ-ಸೀರೀಸ್ ಮನೆತನದ್ದು. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಎರಡರಲ್ಲೂ 88.9 ಮಿ.ಮೀ. ಬೋರ್, ಅಂದರೆ ಸಿಲಿಂಡರ್ ಅಗಲ, ಮಾತ್ರ ಅದರಲ್ಲಿ 73.03, ಇದರಲ್ಲಿ 80.26. ಟ್ಯಾಪೆಟ್, ಪುಶ್ ರಾಡ್, ಡಿಸ್ಟ್ರಿಬ್ಯೂಟರ್ ಎಲ್ಲ ಅವರ ಕೈಗೆ ಗೊತ್ತಿರುವಂಥದ್ದೇ. ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಮಾತ್ರ ಎಂಜಿಬಿಯದೇ ತರಿಸಿ.

ಎರಡು ವಿಷಯ ಮೊದಲೇ ಹೇಳಿಬಿಡಿ. ನಟ್ಟುಗಳು ಇಂಚಿನವು. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆ ಸವೆದುಹೋಗುತ್ತದೆ. 7/16, 1/2, 9/16 ಇಂಚಿನ ಮೂರು ಸ್ಪ್ಯಾನರ್ ನೀವೇ ಕೊಂಡು ಕೊಡಿ. ಎರಡನೆಯದು, ತಂತಿ ಚಕ್ರವಿದ್ದರೆ ನಡುವಿನ ರೆಕ್ಕೆ ನಟ್ಟು. ಕಾರು ಮುಂದೆ ಹೋಗುವಾಗ ಚಕ್ರ ತಿರುಗುವ ಕಡೆಗೆ ಹೊಡೆದರೆ ಬಿಚ್ಚುತ್ತದೆ, ಎರಡೂ ಬದಿಯಲ್ಲಿ ಹಾಗೆಯೇ. ಅಂದರೆ ಬಲಗಡೆಯದು ತಿರುಗುಮುರುಗು ಮರೆ (ಥ್ರೆಡ್). ತಾಮ್ರದ ಅಥವಾ ತೊಗಲಿನ ಸುತ್ತಿಗೆ ಬಳಸಿ. ಕಬ್ಬಿಣದ್ದಾದರೆ ಕ್ರೋಮ್ ಹೋಯಿತು.

ಪ್ರಶ್ನೆ: ಎರಡು ಕಾರ್ಬೊರೇಟರನ್ನು ಮನೆಯಲ್ಲೇ ಸಮ ಮಾಡುವುದು ಹೇಗೆ? (ರೆಡಿಂಗ್, ಇಂಗ್ಲೆಂಡ್)

ಟ್ಯಾಪೆಟ್ ಮತ್ತು ಪಾಯಿಂಟ್ಸ್ ಸರಿ ಮಾಡದೆ ಕಾರ್ಬೊರೇಟರ್ ಮುಟ್ಟಿದರೆ ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತದೆ. ತಣ್ಣಗಿನ ಇಂಜಿನ್‌ನಲ್ಲಿ ಟ್ಯಾಪೆಟ್ ಗ್ಯಾಪ್ (ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದು) 0.38 ಮಿ.ಮೀ. ಎಂಟು ವಾಲ್ವುಗಳಿಗೆ 'ಒಂಬತ್ತರ ಲೆಕ್ಕ' ನೆನಪಿಡಿ: ಪೂರ್ತಿ ಒತ್ತಿಕೊಂಡ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆಯಿರಿ, ಉಳಿದದ್ದು ಈಗ ಹೊಂದಿಸಬೇಕಾದ ವಾಲ್ವು. ಎಂಟನೆಯದು ಒತ್ತಿದ್ದರೆ ಒಂದನೆಯದು, ಮೂರನೆಯದು ಒತ್ತಿದ್ದರೆ ಆರನೆಯದು. ಪ್ರತಿ ಸಲವೂ ಎಕ್ಸಾಸ್ಟ್ ವಾಲ್ವಿನ ಗ್ಯಾಪ್ ತಾನಾಗಿ ಕಡಿಮೆಯಾಗಿರುವುದು ಕಂಡರೆ, ಸೀಸವಿಲ್ಲದ ಪೆಟ್ರೋಲಿಗೆ ಸೀಟು ಸವೆದು ವಾಲ್ವು ಒಳಗಿಳಿಯುತ್ತಿದೆ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಹಾಕಿಸಿ.

ಇನ್ನು ಕಾರ್ಬೊರೇಟರ್. ಏರ್ ಫಿಲ್ಟರ್ ತೆಗೆದು, ಒಳಗಿನ ಪಿಸ್ಟನ್ನನ್ನು ಬೆರಳಿಂದ ಎತ್ತಿ ಬಿಡಿ. ಮೆಲ್ಲಗೆ ಇಳಿದು ಕೊನೆಗೆ 'ಟಕ್' ಎನ್ನಬೇಕು. ಅಡ್ಡಗಾಲು ಹಾಕಿದರೆ ಪೆಟ್ರೋಲಿನ ಬಟ್ಟೆಯಿಂದ ಒರೆಸಿ, ಎಮೆರಿ ಕಾಗದ ತಾಗಿಸಬೇಡಿ. ಒಂದರ ಪಿಸ್ಟನ್ ಇನ್ನೊಂದರ ಗುಮ್ಮಟಕ್ಕೆ (ಪಿಸ್ಟನ್ ಮೇಲಿನ ದುಂಡು ಮುಚ್ಚಳ) ಹಾಕಬೇಡಿ, ಅವು ಜೋಡಿಯಾಗಿಯೇ ಅಳತೆ ಹಿಡಿದವು. ಗುಮ್ಮಟಕ್ಕೆ ಎಸ್‌ಎಇ 20 ಎಣ್ಣೆ ಹಾಕಿ. ಅದು ಬತ್ತಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಒಂದು ಕ್ಷಣ ಉಸಿರು ಕಟ್ಟಿದಂತೆ ತಡೆಯುತ್ತದೆ.

ಪೆಟ್ರೋಲ್ ಹೊರಬರುವ ಜೆಟ್ಟಿನ ಕೆಳಗಿನ ಆರು ಮುಖದ ನಟ್ಟೇ ಮಿಶ್ರಣದ ಹಿಡಿತ. ಮೇಲೆ ತಿರುಗಿಸಿದರೆ ಲೀನ್ (ಪೆಟ್ರೋಲ್ ಕಡಿಮೆ), ಕೆಳಗೆ ತಿರುಗಿಸಿದರೆ ರಿಚ್ (ಪೆಟ್ರೋಲ್ ಹೆಚ್ಚು). ಎರಡರಲ್ಲೂ ಜೆಟ್ಟನ್ನು ಪಿಸ್ಟನ್ ಕೆಳಗಿನ ಸೇತುವೆಯ ಮಟ್ಟಕ್ಕೆ ಏರಿಸಿ, ಅಲ್ಲಿಂದ 12 ಮುಖ, ಅಂದರೆ ಎರಡು ಸುತ್ತು, ಇಳಿಸಿ. ಇಂಜಿನ್ ಚೆನ್ನಾಗಿ ಬಿಸಿಯಾಗಲಿ. ಎರಡನ್ನೂ ಜೋಡಿಸುವ ಥ್ರಾಟಲ್ ಕಡ್ಡಿಯ ಕ್ಲಾಂಪ್ ಸಡಿಲಿಸಿ, ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ ಹಿಡಿಯಿರಿ. ಎರಡರ ಹೀರುವ ಸದ್ದೂ ಒಂದೇ ಆಗುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಯಂತ್ರಕ್ಕಿಂತ ಕಿವಿ ಇಲ್ಲಿ ಹೆಚ್ಚೇನೂ ಹಿಂದೆ ಬೀಳುವುದಿಲ್ಲ.

ಆಮೇಲೆ ಒಂದು ಪಿಸ್ಟನ್ನನ್ನು ಪಕ್ಕದ ಪಿನ್ನಿನಿಂದ 0.8 ಮಿ.ಮೀ. ಮಾತ್ರ ಎತ್ತಿ. ವೇಗ ಏರಿ ಏರಿಯೇ ಉಳಿದರೆ ರಿಚ್. ಕುಸಿದರೆ ಲೀನ್. ಚೂರು ಏರಿ ಮತ್ತೆ ಮೊದಲಿನಂತಾದರೆ ಸರಿ. ಒಂದೊಂದೇ ಮುಖ ತಿರುಗಿಸಿ ನೋಡಿ. ಒಂದನ್ನು ಬದಲಿಸಿದರೆ ಇನ್ನೊಂದರ ನಡತೆ ಬದಲಾಗುತ್ತದೆ, ಹಾಗಾಗಿ ಎರಡು ಮೂರು ಸುತ್ತು ಬೇಕೇ ಬೇಕು. ಕೊನೆಗೆ ಕ್ಲಾಂಪ್ ಬಿಗಿಯುವಾಗ ಎರಡು ಥ್ರಾಟಲೂ ಒಟ್ಟಿಗೇ ತೆರೆಯುತ್ತವೆಯೇ ಎಂದು ನೋಡಿಕೊಳ್ಳಿ.

ಪ್ರಶ್ನೆ: 1966ರ ಕಾರು. ಹೆಡ್‌ಲೈಟ್ ಮಿಣುಕುದೀಪದಂತೆ ಉರಿಯುತ್ತದೆ. ಫೋನ್ ಚಾರ್ಜರ್ ಹಾಕಿದೆ, ಸುಟ್ಟುಹೋಯಿತು. (ಮೈಸೂರು)

ಚಾರ್ಜರಿನದು ತಪ್ಪಿಲ್ಲ. 1967ರ ಕೊನೆಯವರೆಗೆ ಎಂಜಿಬಿಗೆ ಪಾಸಿಟಿವ್ ಅರ್ತ್, ಅಂದರೆ ಕಾರಿನ ಮೈಯೇ ಪ್ಲಸ್. ಇವತ್ತಿನ ಚಾರ್ಜರ್, ರೇಡಿಯೊ ಎಲ್ಲಕ್ಕೂ ಅದು ಉಲ್ಟಾ. ನಡುವೆ ಯಾರೋ ಬದಲಾಯಿಸಿರಲೂಬಹುದು, ಆದ್ದರಿಂದ ಏನನ್ನೇ ಜೋಡಿಸುವ ಮೊದಲು ಬ್ಯಾಟರಿಯ ಯಾವ ತುದಿ ಮೈಗೆ ಹೋಗಿದೆ ನೋಡಿ. ಬ್ಯಾಟರಿ ಸೀಟಿನ ಹಿಂದೆ, ಆರು ವೋಲ್ಟಿನವು ಎರಡು. ಅವನ್ನು ಜೋಡಿಸುವ ಕೇಬಲ್ಲಿನ ತುದಿಗಳನ್ನೂ ಉಜ್ಜಿ.

ಮಂದ ದೀಪಕ್ಕೆ ಬಲ್ಬು ಬದಲಿಸುವ ಮೊದಲು ಮಲ್ಟಿಮೀಟರ್ ತನ್ನಿ. ದೀಪ ಹಚ್ಚಿ, ಒಂದು ಕಡ್ಡಿ ಬ್ಯಾಟರಿಯ ಮೈಗೆ ಜೋಡಿಸದ ತುದಿಗೆ, ಇನ್ನೊಂದು ದೀಪದ ಹಿಂದಿನ ಟರ್ಮಿನಲ್‌ಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ಶಕ್ತಿ ದಾರಿಯಲ್ಲೇ ಸೋರುತ್ತಿದೆ. ಅರ್ತ್ ಬದಿಯನ್ನೂ ಹಾಗೇ ಅಳೆಯಿರಿ. ತಪ್ಪು ಸಾಮಾನ್ಯವಾಗಿ ಗ್ರಿಲ್ಲಿನ ಹಿಂದಿನ ಬುಲೆಟ್ ಕನೆಕ್ಟರ್‌ಗಳಲ್ಲಿ: ರಬ್ಬರ್ ತೋಳಿನ ಒಳಗೆ ಹಸಿರು ಕಿಲುಬು. ಬಿಚ್ಚಿ, ಉಜ್ಜಿ, ಹೊಸ ತೋಳು ಹಾಕಿ. ಈ ಕಾರಿನ ವಿದ್ಯುತ್ ಭಾಗಗಳನ್ನು ಮಾಡಿದ ಲೂಕಾಸ್ ಕಂಪನಿಯ ವೈರಿಂಗನ್ನು ಬೈಯುವುದು ವಾಡಿಕೆ, ಆದರೆ ಬಣ್ಣದ ಲೆಕ್ಕ ಅದರಷ್ಟು ಸಲೀಸು ಇನ್ನೊಂದಿಲ್ಲ: ಕಂದು ಎಂದರೆ ಸದಾ ಕರೆಂಟು, ಬಿಳಿ ಕೀ ಹಾಕಿದಾಗ, ಹಸಿರು ಕೀ ಹಾಕಿದಾಗ ಫ್ಯೂಸಿನ ಮೂಲಕ, ನೀಲಿ ಹೆಡ್‌ಲೈಟ್, ಕಪ್ಪು ಅರ್ತ್.

ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಟ್ಟುಹೋಗುವ ಆಂಪಿಯರ್. ಸತತ ತಾಳುವುದು 17 ಮಾತ್ರ. ಇಂದಿನ ಅಂಗಡಿಯ 35 ಆಂಪಿಯರ್ ಫ್ಯೂಸು ತಂದು ಹಾಕಿದರೆ ವೈರು ಮೊದಲು ಕರಗುತ್ತದೆ.

ಪ್ರಶ್ನೆ: ಸ್ಟೀರಿಂಗ್ ಕಲ್ಲಿನಂತೆ ಬಿಗಿ. (ಬೆಂಗಳೂರು)

ಮುಂದಿನ ಪ್ರತಿ ಚಕ್ರದ ಹಿಂದೆ ಮೂರು ಗ್ರೀಸ್ ನಿಪ್ಪಲ್ ಇವೆ, ಎರಡೂ ಕಡೆ ಸೇರಿ ಆರು. ಪ್ರತಿ 3,000 ಮೈಲಿಗೆ ಗ್ರೀಸ್ ಹೊಡೆಯಬೇಕು. ಚಕ್ರ ನೆಲದಿಂದ ಎತ್ತಿ, ಹಳೆಯ ಗ್ರೀಸ್ ಹೊರಬರುವವರೆಗೆ ಒತ್ತಿ. ಒಳಗೆ ಹೋಗದಿದ್ದರೆ ನಿಪ್ಪಲ್ ಬದಲಿಸಿ. ಆಮೇಲೂ ಬಿಗಿಯಿದ್ದರೆ ಚಕ್ರ ಹೊರಳುವ ಕಿಂಗ್ ಪಿನ್ ಸವೆದಿದೆ, ಬುಷ್ ಹಾಕಿ ರೀಮ್ ಮಾಡಿಸಬೇಕು.

ಪ್ರಶ್ನೆ: ಓವರ್‌ಡ್ರೈವ್ ಹಿಡಿಯುತ್ತಿಲ್ಲ. ಗೇರ್ ಬಾಕ್ಸ್ ಇಳಿಸಬೇಕೇ? (ಲೆಸ್ಟರ್, ಇಂಗ್ಲೆಂಡ್)

ಈಗಲೇ ಬೇಡ. ಓವರ್‌ಡ್ರೈವ್ ಎಂದರೆ ಇಂಜಿನ್ ನಿಧಾನ ತಿರುಗಿದರೂ ಕಾರು ವೇಗವಾಗಿ ಓಡುವಂತೆ ಗೇರ್ ಬಾಕ್ಸಿನ ಹಿಂದೆ ಕೂರಿಸಿದ ಹೆಚ್ಚುವರಿ ಗೇರು. ಇಂಜಿನ್ ಆಫ್, ಕೀ ಆನ್, ನಾಲ್ಕನೇ ಗೇರ್, ಓವರ್‌ಡ್ರೈವ್ ಸ್ವಿಚ್ ಒತ್ತಿ. ಕೆಳಗಿನಿಂದ 'ಟಕ್' ಎಂದು ಸೊಲೆನಾಯ್ಡ್ ಸದ್ದು ಬರಬೇಕು. ಬರದಿದ್ದರೆ ಹಳದಿ ವೈರು ಹಿಡಿದು ಹೋಗಿ. ಗೇರ್ ಬಾಕ್ಸಿನ ಮೇಲಿನ ತಡೆ ಸ್ವಿಚ್ಚೇ ಹೆಚ್ಚಾಗಿ ಕೈಕೊಡುವುದು. ಸದ್ದು ಬಂದೂ ಹಿಡಿಯದಿದ್ದರೆ ಎಣ್ಣೆ ಮಟ್ಟ ಮತ್ತು ಓವರ್‌ಡ್ರೈವ್ ಜಾಲರಿ ನೋಡಿ. ಗೇರ್ ಬಾಕ್ಸೂ ಓವರ್‌ಡ್ರೈವೂ ಒಂದೇ ಎಣ್ಣೆಯಲ್ಲಿ ಕೆಲಸ ಮಾಡುತ್ತವೆ, ಅದು 20ಡಬ್ಲ್ಯು-50 ಇಂಜಿನ್ ಆಯಿಲ್. ಗೇರ್ ಆಯಿಲ್ ಅಲ್ಲ. ಹಿಂದಿನ ಆಕ್ಸಲ್‌ಗೆ ಮಾತ್ರ 90ರ ಗೇರ್ ಆಯಿಲ್.

ಪ್ರಶ್ನೆ: ಓಪನ್ ಕಾರೊಂದು ಕೊಳ್ಳುವ ಯೋಚನೆ. ಪೇಂಟ್ ಕನ್ನಡಿಯಂತಿದೆ. ಏನು ನೋಡಲಿ? (ಬರ್ಮಿಂಗ್‌ಹ್ಯಾಮ್)

ಪೇಂಟ್ ಬಿಟ್ಟು ಸಿಲ್ ನೋಡಿ, ಅಂದರೆ ಬಾಗಿಲಿನ ಕೆಳಗಿನ ಉದ್ದ ಪೆಟ್ಟಿಗೆ. ಎಂಜಿಬಿಗೆ ಬೇರೆ ಚಾಸಿಸ್ ಇಲ್ಲ, ಓಪನ್ ಕಾರಿಗೆ ಮಾಡೂ ಇಲ್ಲ. ಇಡೀ ಕಾರಿನ ಬೆನ್ನೆಲುಬು ಆ ಸಿಲ್ಲೇ. ಹೊರಗೆ ಕಾಣುವುದು ಒಂದು ಪದರ. ಒಳಗೆ ಇನ್ನೊಂದು ಸಿಲ್, ಕೆಳಗೆ ಕ್ಯಾಸಲ್ ರೈಲ್ ಎಂಬ ಉದ್ದ ಪಟ್ಟಿ. ಹೊರಪದರದ ಮೇಲೆ ಹೊಸ ತಗಡು ಬೆಸೆದು ಮಾರುವುದು ಹಳೆಯ ಚಾಳಿ, ಒಳಗೆ ತುಕ್ಕು ತಿನ್ನುತ್ತಲೇ ಇರುತ್ತದೆ.

ಆಯಸ್ಕಾಂತ ಜೇಬಿನಲ್ಲಿರಲಿ. ಮುಂದಿನ ಚಕ್ರದ ಹಿಂದೆ, ಮಡ್‌ಗಾರ್ಡಿನ ಕೆಳತುದಿಯಲ್ಲಿ ಹಿಡಿಯಿರಿ. ಒಳಗೆ ಕೆಸರು ನಿಲ್ಲುವ ಜಾಗವದು. ಅಂಟದಿದ್ದರೆ ಅಲ್ಲಿರುವುದು ಬರೀ ಪುಟ್ಟಿ. ಸಿಲ್ಲಿನ ಜಾಕಿ ಜಾಗಕ್ಕೆ ಜಾಕಿ ಕೊಟ್ಟು ಸ್ವಲ್ಪ ಎತ್ತಿ ಬಾಗಿಲು ತೆಗೆದು ಹಾಕಿ. ಸಂದು ಕಿರಿದಾಗಿ ಬಾಗಿಲು ಉಜ್ಜಿದರೆ ಮೈ ಬಾಗುತ್ತಿದೆ. ಸೀಟಿನ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಪೆಟ್ಟಿಗೆಯ ತಳ, ಕಾರಿನಡಿ ಹಿಂದಿನ ಪಟ್ಟಿ ಸ್ಪ್ರಿಂಗಿನ ಮುಂತುದಿ ಸಿಕ್ಕಿಸಿರುವ ಜಾಗ, ಎರಡನ್ನೂ ಟಾರ್ಚ್ ಹಾಕಿ ನೋಡಿ. 40 ವರ್ಷ ದಾಟಿ, ದೊಡ್ಡ ಬದಲಾವಣೆ ಆಗದ ಕಾರಿಗೆ 2018ರ ಮೇಯಿಂದ ಬ್ರಿಟನ್ನಿನಲ್ಲಿ ಎಂಒಟಿ, ಅಂದರೆ ವರ್ಷಕ್ಕೊಮ್ಮೆಯ ವಾಹನ ಸುರಕ್ಷತಾ ಪರೀಕ್ಷೆಯೇ ಕಡ್ಡಾಯವಲ್ಲ. ಹಾಗಾಗಿ ತಪಾಸಣೆ ಆಗದ ಕಾರುಗಳೂ ರಸ್ತೆಯಲ್ಲಿವೆ. ಸ್ವಂತ ಖರ್ಚಿನಲ್ಲಿ ಒಂದು ಎಂಒಟಿ ಮಾಡಿಸಿಯೇ ದುಡ್ಡು ಕೊಡಿ.

ಸಿಲ್ ಬದಲಿಸಲೇಬೇಕಾದರೆ ಕತ್ತರಿಸುವ ಮೊದಲು ಬಾಗಿಲಿನ ತೆರಪಿಗೆ ಅಡ್ಡ ಕಬ್ಬಿಣ ಬೆಸೆಯಿಸಿ. ಕಾರಿನ ಭಾರ ಚಕ್ರಗಳ ಮೇಲೆಯೇ ಇರಲಿ. ಒಮ್ಮೆಗೆ ಒಂದೇ ಬದಿ, ಪ್ರತಿ ಬೆಸುಗೆಗೂ ಮೊದಲು ಬಾಗಿಲು ಹಾಕಿ ಸಂದು ಅಳೆಯಿರಿ. ಇದನ್ನು ಬಿಟ್ಟರೆ ಹೊಸ ಸಿಲ್ ಹಾಕಿದ ಮೇಲೂ ಬಾಗಿಲು ಮುಚ್ಚುವುದಿಲ್ಲ. ತುಕ್ಕು ಎಲ್ಲ ಕಡೆ ಹರಡಿದ್ದರೆ, ಮೂಲ ಅಚ್ಚುಗಳಿಂದಲೇ 1988ರಿಂದ ಹೊಸದಾಗಿ ತಯಾರಾಗುತ್ತಿರುವ ಬ್ರಿಟಿಷ್ ಮೋಟರ್ ಹೆರಿಟೇಜ್ ಬಾಡಿ ಶೆಲ್‌ನ ಬೆಲೆಯನ್ನೂ ಕೇಳಿ ನೋಡಿ. ಟಿಂಕರಿಂಗ್ ಬಿಲ್ಲಿನ ಪಕ್ಕದಲ್ಲಿಟ್ಟರೆ ಅದು ಅಷ್ಟೇನೂ ದುಬಾರಿ ಅನ್ನಿಸದೆ ಹೋಗಬಹುದು.