ರೆಕ್ಕೆ ಕತ್ತರಿಸುವುದು ನಿಂತರೆ ಶಾರ್ಕ್ ಉಳಿಯುತ್ತಾ?

ಶಾರ್ಕ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹಳೆಯವೇ. ಉತ್ತರ ಕೊಟ್ಟ ಮೇಲೂ ಬರುತ್ತಲೇ ಇವೆ. ಸರಿ, ಇನ್ನೊಂದು ಸಲ ಬರೆಯುತ್ತೇನೆ.

ಪ್ರಶ್ನೆ: ರೆಕ್ಕೆ ಕತ್ತರಿಸಿ ಶಾರ್ಕನ್ನು ಮತ್ತೆ ಕಡಲಿಗೇ ಬಿಡುತ್ತಾರಂತೆ. ಹಲ್ಲಿಗೆ ಬಾಲ ಬರುವ ಹಾಗೆ ರೆಕ್ಕೆ ಮತ್ತೆ ಬೆಳೆಯುತ್ತದಲ್ವಾ?

ಇಲ್ಲ. ಅದು ಬಿಡುವುದಲ್ಲ, ಬಿಸಾಡುವುದು. ಈಜಲಾಗದೆ ಶಾರ್ಕ್ ತಳ ಸೇರುತ್ತದೆ. ಮುಂದೆ ಈಜುತ್ತಿದ್ದರೆ ಮಾತ್ರ ಕಿವಿರಿಗೆ ನೀರು ನುಗ್ಗಿ ಉಸಿರಾಡುವ ಜಾತಿಗಳು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತವೆ. ಉಳಿದವು ರಕ್ತ ಸೋರಿ ಸಾಯುತ್ತವೆ, ಇಲ್ಲವೇ ಬೇರೆ ಮೀನಿನ ಬಾಯಿಗೆ ಬೀಳುತ್ತವೆ.

ಪ್ರಶ್ನೆ: ರೆಕ್ಕೆ ಕತ್ತರಿಸುವುದನ್ನು ಎಷ್ಟೋ ದೇಶಗಳು ನಿಷೇಧಿಸಿವೆ. ಚೀನಾ ಕೂಡ 2013ರಲ್ಲಿ ಸರ್ಕಾರಿ ಔತಣಗಳಿಂದ ರೆಕ್ಕೆ ಸೂಪ್ ತೆಗೆದಿದೆ. ಇನ್ನೂ ಯಾಕೆ ‘ಶಾರ್ಕ್ ಉಳಿಸಿ’ ಎಂದು ಕೂಗುತ್ತೀರಿ?

ಯಾಕೆಂದರೆ ಆ ಕಾನೂನುಗಳಲ್ಲಿ ಹೆಚ್ಚಿನವು ಶಾರ್ಕ್ ಕೊಲ್ಲಬೇಡಿ ಎಂದು ಹೇಳುವುದೇ ಇಲ್ಲ. ರೆಕ್ಕೆಯನ್ನು ಎಲ್ಲಿ ಕತ್ತರಿಸಬೇಕು, ಕಡಲಲ್ಲೋ ದಡದಲ್ಲೋ, ಎಂದಷ್ಟೇ ಹೇಳುತ್ತವೆ.

ಸೂಪಿಗೆ ಹೋಗುವ ರೆಕ್ಕೆಗೆ ಒಳ್ಳೆಯ ಬೆಲೆ, ಮಾಂಸಕ್ಕೆ ಕಡಿಮೆ. ಶಾರ್ಕಿನ ಮೈತುಂಬ ಯೂರಿಯಾ ಇರುತ್ತದೆ. ಸತ್ತ ಮೇಲೆ ಅದು ಅಮೋನಿಯಾ ಆಗಿ ನಾರುತ್ತದೆ, ಪಕ್ಕದಲ್ಲಿಟ್ಟ ಮೀನನ್ನೂ ಕೆಡಿಸುತ್ತದೆ. ದುಬಾರಿ ಟ್ಯೂನಾ ತುಂಬಿಕೊಳ್ಳಲು ಹೋದ ಹಡಗಿನವನು ಇದಕ್ಕೆ ಯಾಕೆ ಜಾಗ ಕೊಡುತ್ತಾನೆ? ರೆಕ್ಕೆ ಇಟ್ಟುಕೊಂಡು ಮೈಯನ್ನು ನೀರಿಗೆ ಎಸೆಯುತ್ತಾನೆ. ಕ್ರೌರ್ಯದ ಹಿಂದೆ ಇರುವುದು ಇಷ್ಟೇ ಲೆಕ್ಕ.

ಅಮೆರಿಕ 2000ದಲ್ಲಿ, ಯುರೋಪ್ 2003ರಲ್ಲಿ ಇದಕ್ಕೆ ಕಾನೂನು ತಂದವು. ಹಡಗಿನಲ್ಲಿರುವ ರೆಕ್ಕೆಯ ತೂಕ ಮೈಯ ತೂಕದ ಶೇ. 5 ದಾಟಬಾರದು ಎಂಬ ನಿಯಮ ಮಾಡಿದವು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಎಷ್ಟೋ ಜಾತಿಗಳ ರೆಕ್ಕೆ ಅಷ್ಟು ತೂಗುವುದೇ ಇಲ್ಲ. ಹಾಗಾಗಿ ಕೆಲವು ಶಾರ್ಕ್‌ಗಳ ಮೈ ಇಟ್ಟುಕೊಂಡು, ಅದರ ಲೆಕ್ಕದಲ್ಲಿ ಇನ್ನಷ್ಟು ಶಾರ್ಕ್‌ಗಳ ರೆಕ್ಕೆ ತರಲು ಅಡ್ಡಿಯಿರಲಿಲ್ಲ. ಈ ಕಿಂಡಿ ಮುಚ್ಚಲು ಅಮೆರಿಕಕ್ಕೆ 2010 ಬೇಕಾಯಿತು, ಯುರೋಪಿಗೆ 2013. ರೆಕ್ಕೆ ಮೈಗೆ ಅಂಟಿಕೊಂಡೇ ದಡಕ್ಕೆ ಬರಬೇಕು ಎಂದರು. ಇದು ನಿಜಕ್ಕೂ ಒಳ್ಳೆಯ ನಿಯಮ. ಮೈ ಇದ್ದರೆ ಜಾತಿ ಗೊತ್ತಾಗುತ್ತದೆ, ಎಣಿಸಲು ಬರುತ್ತದೆ.

ಆದರೆ ಇಡೀ ಶಾರ್ಕ್ ತಂದವನು ಅದನ್ನೂ ಮಾರಲೇಬೇಕು. ಮಾಂಸದ ಪೇಟೆ ಬೆಳೆಯಿತು. ಬ್ರಿಟನ್ನಿನಲ್ಲಿ ‘ರಾಕ್ ಸಾಲ್ಮನ್’ ಎಂಬ ಹೆಸರಿನಲ್ಲಿ ತಿನ್ನುವುದು ಸಾಲ್ಮನ್ ಅಲ್ಲ, ಸಣ್ಣ ಶಾರ್ಕ್. 2024ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ ನೋಡಿ. ಮೀನುಗಾರಿಕೆಯಿಂದ ಸಾಯುವ ಶಾರ್ಕ್‌ಗಳು 2012ರಲ್ಲಿ ಕಡಿಮೆ ಎಂದರೂ 7.6 ಕೋಟಿ, 2019ರಲ್ಲಿ 8 ಕೋಟಿ. ರೆಕ್ಕೆ ಕಾನೂನುಗಳು ಹೆಚ್ಚಾದ ವರ್ಷಗಳಲ್ಲೇ ಸಾವೂ ಹೆಚ್ಚಾಯಿತು. ಈಗ ಗೊತ್ತಾಯಿತಾ ಯಾಕೆ ಕೂಗುತ್ತೇವೆ ಅಂತ?

‘ಮೀನು ತಾನೇ, ಮರಿ ಹಾಕುತ್ತೆ ಬಿಡಿ’ ಎನ್ನುವವರಿಗೂ ಇಲ್ಲೇ ಹೇಳುತ್ತೇನೆ. ಕಾಡ್ ಮೀನು ಒಂದು ಹಂಗಾಮಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಸ್ಪೈನಿ ಡಾಗ್‌ಫಿಶ್ ಎಂಬ ಪುಟ್ಟ ಶಾರ್ಕ್ ಕೆಲವೇ ಮರಿಗಳಿಗಾಗಿ ಸುಮಾರು ಎರಡು ವರ್ಷ ಬಸುರಿ. ಅಟ್ಲಾಂಟಿಕ್‌ನ ದೊಡ್ಡ ಬಿಳಿ ಶಾರ್ಕಿನ ಹೆಣ್ಣು ಬೆದೆಗೆ ಬರುವುದೇ ಸುಮಾರು 33ನೇ ವರ್ಷಕ್ಕೆ. ಅಷ್ಟು ದಿನ ಗಾಳ, ಬಲೆ ಎಲ್ಲ ತಪ್ಪಿಸಿಕೊಂಡು ಬದುಕಿರಬೇಕು! 1970ರಿಂದ ಈಚೆಗೆ ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ ಶೇ. 71ರಷ್ಟು ಇಳಿದಿದ್ದು ಸುಮ್ನೆ ಅಲ್ಲ.

ಬೇಕಾಗಿರುವುದು ಹಿಡಿಯುವ ಸಂಖ್ಯೆಗೇ ಮಿತಿ. ಪಲಾವು ದ್ವೀಪದೇಶ 2009ರಲ್ಲಿ ತನ್ನ ಕಡಲಿನಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಲ್ಲಿಸಿತು. 2022ರಲ್ಲಿ ಸೈಟಿಸ್, ಅಂದರೆ ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ, ಬ್ಲೂ ಶಾರ್ಕ್‌ನಂಥವು ಸೇರಿರುವ ರೆಕ್ವಿಯಂ ಶಾರ್ಕ್ ಕುಟುಂಬವನ್ನೇ ತನ್ನ ಎರಡನೇ ಪಟ್ಟಿಗೆ ಸೇರಿಸಿತು. ಅಂದರೆ ದೇಶದಾಚೆ ಮಾರಲು ಪರವಾನಗಿ ಬೇಕು. ಇನ್ನೊಂದು ಸಣ್ಣ ಉಪಾಯವಿದೆ, ನನಗೆ ತುಂಬ ಇಷ್ಟ. ಟ್ಯೂನಾ ಗಾಳಕ್ಕೆ ಉಕ್ಕಿನ ತಂತಿಯ ಬದಲು ನೈಲಾನ್ ದಾರ ಕಟ್ಟಿ. ಸಿಕ್ಕಿಬಿದ್ದ ಶಾರ್ಕ್ ಎಷ್ಟೋ ಸಲ ಕಚ್ಚಿ ಕಡಿದುಕೊಂಡು ಹೋಗುತ್ತದೆ.

ಪ್ರಶ್ನೆ: ಶಾರ್ಕ್‌ಗೆ ಕ್ಯಾನ್ಸರ್ ಬರುವುದಿಲ್ಲವಂತೆ. ಅದರ ಮೆದು ಎಲುಬಿನ ಪುಡಿಯ ಮಾತ್ರೆಯನ್ನು ಅಪ್ಪನಿಗೆ ಕೊಡಬಹುದಾ?

ಬೇಡ. ಶಾರ್ಕ್‌ಗೂ ಕ್ಯಾನ್ಸರ್ ಬರುತ್ತದೆ, ಗೆಡ್ಡೆಗಳ ದಾಖಲೆಯೇ ಇದೆ. ಮೆದು ಎಲುಬಿನ ಸಾರವನ್ನು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ವೈದ್ಯರು ಸರಿಯಾಗಿಯೇ ಪರೀಕ್ಷಿಸಿದರು. ಆಯಸ್ಸು ಹೆಚ್ಚಲಿಲ್ಲ. ಹೆದರಿದ ಮನೆಯವರ ಮುಂದೆ ಈ ಡಬ್ಬಿ ಹಿಡಿದು ನಿಲ್ಲುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಪ್ಪನನ್ನು ಕ್ಯಾನ್ಸರ್ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಇವತ್ತೇ.

ಪ್ರಶ್ನೆ: ಮನುಷ್ಯರನ್ನು ತಿನ್ನುವ ಪ್ರಾಣಿಯನ್ನು ಯಾಕೆ ಉಳಿಸಬೇಕು?

ಕೆಣಕದೆ ಕಚ್ಚಿದ ಶಾರ್ಕಿನಿಂದ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಸಾಯುವವರು ಹತ್ತರ ಆಸುಪಾಸು, ಎಷ್ಟೋ ವರ್ಷ ಅದಕ್ಕೂ ಕಡಿಮೆ. ಮುಂದಿನ ಪ್ರಶ್ನೆ.

ಪ್ರಶ್ನೆ: ರೆಕ್ಕೆ ಸೂಪ್ ಶಕ್ತಿ ಕೊಡುತ್ತದಾ?

ರೆಕ್ಕೆಗೆ ರುಚಿಯೇ ಇಲ್ಲ, ಬರೀ ನಾರು. ರುಚಿ ಕೋಳಿ ಸಾರಿನದು. ಜೊತೆಗೆ ಪಾದರಸ ಬೋನಸ್.

ಪ್ರಶ್ನೆ: ನಾನು ಶಾರ್ಕ್ ತಿನ್ನುವುದಿಲ್ಲ. ನನ್ನಿಂದೇನು ತೊಂದರೆ?

ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ ತಿರುಗಿಸಿ ಓದಿ. ‘ಸ್ಕ್ವಾಲೇನ್’ ಎಂದಿದ್ದರೆ ಅದು ಆಲಿವ್ ಅಥವಾ ಕಬ್ಬಿನಿಂದ ಬಂದಿರಬಹುದು, ಆಳಸಮುದ್ರದ ಶಾರ್ಕಿನ ಪಿತ್ತಜನಕಾಂಗದ ಎಣ್ಣೆಯಿಂದಲೂ ಬಂದಿರಬಹುದು. ಗಿಡಮೂಲದ್ದು ಎಂದು ಬರೆದಿಲ್ಲವಾದರೆ ನಾನಂತೂ ಕೊಳ್ಳುವುದಿಲ್ಲ.